‘ದೇವರನ್ನು ನಂಬ್ತೀಯಾ?’ ಅಂತ ಕೇಳಿದರೆ ಲಿಂಗ ಕಟ್ಟಿಕೊಂಡವರು ಏನು ಹೇಳಬೇಕು?

ಕ್ಯಾತ್ಸಂದ್ರದ ಹುಡುಗ:
ಎಲ್ಲರಿಗೂ ಶರಣು. ತುಮಕೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ. ನಮ್ಮದು ಲಿಂಗಾಯತ ಮನೆ, ಗುರುಗಳು ದೀಕ್ಷೆ ಕೊಟ್ಟು ಕಟ್ಟಿದ ಲಿಂಗ ಕೊರಳಲ್ಲಿ ಇದೆ, ಪೂಜೆ ಮಾತ್ರ ಆಗಾಗ. ದೇವರನ್ನು ನಂಬ್ತೀಯಾ ಅಂತ ಗೆಳೆಯರು ಕೇಳಿದರೆ ಹೌದು ಅನ್ನೋಕೆ ಧೈರ್ಯ ಇಲ್ಲ, ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಲಿಂಗವೇ ದೇವರೋ, ಬರೀ ಗುರುತೋ? ಬೆಳಗ್ಗೆ ಸಿಗೋದು 15 ನಿಮಿಷ, ಅಷ್ಟರಲ್ಲಿ ಹೇಗೆ ಪೂಜೆ ಮಾಡೋದು?

ಕುಣಿಗಲ್ ಕಡೆಯವರು:
ಶರಣು ತಮ್ಮಾ. ಹೌದು, ಇಲ್ಲ ಎರಡೇ ಉತ್ತರ ಅಂದುಕೊಂಡಿದ್ದಕ್ಕೆ ನಿನಗೆ ಕಷ್ಟ ಆಗಿರೋದು. ಷಟ್‌ಸ್ಥಲದಲ್ಲಿ, ಅಂದರೆ ಶರಣರು ಹೇಳೋ ಸಾಧನೆಯ ಆರು ಮೆಟ್ಟಿಲಲ್ಲಿ, ಭಕ್ತಿಗೇ ಆರು ಹಂತ ಇದೆ. ಭಕ್ತನದು ಶ್ರದ್ಧೆ, ಮಹೇಶನದು ನಿಷ್ಠೆ, ಪ್ರಸಾದಿಯದು ಅವಧಾನ (ಎಚ್ಚರ), ಪ್ರಾಣಲಿಂಗಿಯದು ಅನುಭಾವ (ಒಳಗೇ ದೇವರ ಅನುಭವ), ಶರಣನದು ಆನಂದ, ಐಕ್ಯನದು ಸಮರಸ (ದೇವರಲ್ಲಿ ಒಂದಾಗೋದು). ಅನುಭಾವ ಬರೋದು ನಾಲ್ಕನೆಯದಾಗಿ. ದೇವರನ್ನು ಕಂಡ ಅನುಭವ ಇಲ್ಲ ಅಂತ ನಂಬಿಕೆಯೇ ಇಲ್ಲ ಅನ್ನೋ ತೀರ್ಮಾನಕ್ಕೆ ಬರಬೇಡ. ಮೊದಲ ಮೆಟ್ಟಿಲಿಗೆ ಶ್ರದ್ಧೆ ಸಾಕು.

ಲಿಂಗದ ವಿಷಯ: ಅಂಗೈಲಿರೋದು ಇಷ್ಟಲಿಂಗ, ಸ್ಥೂಲ ಶರೀರಕ್ಕೆ, ಅಂದರೆ ಕಣ್ಣಿಗೆ ಕಾಣೋ ಮೈಗೆ. ಒಳಗಿನ ಸೂಕ್ಷ್ಮ ಶರೀರಕ್ಕೆ ಪ್ರಾಣಲಿಂಗ, ಅವೆರಡಕ್ಕೂ ಮೂಲವಾದ ಕಾರಣ ಶರೀರಕ್ಕೆ ಭಾವಲಿಂಗ. ವಸ್ತು ಒಂದೇ, ಹಿಡಿಯೋ ಬಗೆ ಮೂರು. ಗುರು ಕರಸ್ಥಲಕ್ಕೆ (ಅಂಗೈಗೆ) ಕೊಟ್ಟ ಮೇಲೆ ಅದನ್ನು ಬರೀ ಗುರುತು ಅನ್ನೋದು ಸರಿಯಲ್ಲ, ಆ ಕಲ್ಲಷ್ಟೇ ದೇವರು ಅನ್ನೋದೂ ಸರಿಯಲ್ಲ.

ವಿಭೂತಿ ಗಟ್ಟಿ:
15 ನಿಮಿಷ ಧಾರಾಳ ಆಯ್ತು. ಸ್ನಾನ ಆದಮೇಲೆ ತೋರು, ನಡು, ಉಂಗುರ ಬೆರಳಲ್ಲಿ ಹಣೆಗೆ ವಿಭೂತಿ. ಕರಡಿಗೆಯಿಂದ (ಲಿಂಗ ಇಡೋ ಪುಟ್ಟ ಡಬ್ಬಿ) ಲಿಂಗ ತೆಗೆದು ಎಡ ಅಂಗೈಲಿ ಇಟ್ಟುಕೊ. ನೀರು ನಾಲ್ಕೈದು ಹನಿ ಸಾಕು, ತಕ್ಷಣ ಮೆತ್ತನೆ ಹತ್ತಿ ಬಟ್ಟೇಲಿ ಒರೆಸು. ಆಮೇಲೆ ವಿಭೂತಿ, ಒಂದು ಪತ್ರೆ ಅಥವಾ ಹೂವು.

ಉಳಿದ ಹತ್ತು ನಿಮಿಷ ದೃಷ್ಟಿಗೆ, ಅಂದರೆ ಲಿಂಗವನ್ನೇ ನೋಡ್ತಾ ಕೂರೋದಕ್ಕೆ. ಪೂಜೆಯ ತಿರುಳೇ ಅದು, ಹೆಚ್ಚಿನವರು ಅವಸರ ಮಾಡೋದೂ ಅಲ್ಲೇ. ಪತ್ರೆ ಪಕ್ಕಕ್ಕೆ ತೆಗೆದು ಅಂಗೈಯನ್ನು ಮೂಗಿನ ಮಟ್ಟಕ್ಕೆ ಎತ್ತು, ಮುಖದಿಂದ ಸುಮಾರು ಒಂದು ಅಡಿ ದೂರ. ದೀಪದ ಮಿನುಗು ಲಿಂಗದ ಕಪ್ಪು ಮೈಮೇಲೆ ಚುಕ್ಕಿಯಾಗಿ ಕಾಣೋ ಹಾಗೆ ಕೂತರೆ ನೋಟ ಅಲ್ಲೇ ನಿಲ್ಲುತ್ತೆ. ರೆಪ್ಪೆ ಬಡಿಯದೆ ಹಟ ಹಿಡಿಯಬೇಡ, ಕಣ್ಣಲ್ಲಿ ನೀರು ಬಂದು ಗಮನವೆಲ್ಲ ಉರಿಯ ಕಡೆ ಹೋಗುತ್ತೆ. ಕೈ ನಡುಗಿದರೆ ಎಡ ಮೊಣಕೈಗೆ ಬಲಗೈ ಆಸರೆ ಕೊಡು. ಮನಸ್ಸಲ್ಲೇ ‘ಓಂ ನಮಃ ಶಿವಾಯ’, ಉಸಿರಿನ ಲಯಕ್ಕೆ. 108 ಮುಗಿಸಲೇಬೇಕು ಅಂತ ಓಡಿಸಿದರೆ ಲೆಕ್ಕ ಉಳಿಯುತ್ತೆ, ಲಿಂಗ ಮರೆಯುತ್ತೆ.

ತಿಪಟೂರು ಅಕ್ಕ:
ಗೆಳೆಯರ ಮುಂದೆ ಷಟ್‌ಸ್ಥಲ ಬಿಡಿಸೋಕೆ ಹೋಗಬೇಡಪ್ಪ, ಅಲ್ಲಿಗೆ ಮಾತು ನಿಂತುಹೋಗುತ್ತೆ. ಮೂರು ಸಂಗತಿ ಬೇರೆ ಬೇರೆ ಮಾಡಿ ಹೇಳು: ಏನು ನಂಬ್ತೀಯ, ಏನು ಮಾಡ್ತೀಯ, ಏನು ಇನ್ನೂ ತಿಳಿದಿಲ್ಲ. “ದೇವರು ನನ್ನ ಹೊರಗೆ ಮಾತ್ರ ಇಲ್ಲ ಅಂತ ನಂಬಿದ್ದೀನಿ. ದಿನಾ ಸ್ವಲ್ಪ ಹೊತ್ತು ಲಿಂಗ ನೋಡ್ತಾ ಕೂರ್ತೀನಿ. ಕಂಡಿದ್ದೀನಿ ಅಂತ ಹೇಳಲಾರೆ.” ಇಷ್ಟು ಹೇಳಿದರೆ ಸುಳ್ಳೂ ಇಲ್ಲ, ಸಂಕೋಚವೂ ಬೇಡ. ದೇವರಿದ್ದಾನೆ ಅಂತ ರುಜುವಾತು ಮಾಡೋಕೆ ಹೋಗಬೇಡ, ಅವರು ಕೇಳಿದ್ದು ನಿನ್ನ ನಂಬಿಕೇನ. ಅದರ ಜೊತೆ ಕಾಯಕ, ದಾಸೋಹವನ್ನೂ ಸೇರಿಸು. ಸಿದ್ಧಗಂಗೆ ಮಠ ನಿನ್ನ ಪಕ್ಕದಲ್ಲೇ ಇದೆ, ಅಲ್ಲಿ ಸಾವಿರಾರು ಮಕ್ಕಳಿಗೆ ಅನ್ನ ಬಡಿಸೋದೂ ನಂಬಿಕೆಯ ಮಾತೇ.

ಕ್ಯಾತ್ಸಂದ್ರದ ಹುಡುಗ:
ತುಂಬಾ ಉಪಕಾರ ಆಯ್ತು ಅಕ್ಕಾ. ಇನ್ನೊಂದು: ಲಿಂಗದ ಕಪ್ಪು ಲೇಪದಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಪೂಜೆ ಮಾಡಬಹುದಾ?

ವಿಭೂತಿ ಗಟ್ಟಿ:
ದೃಷ್ಟಿ, ಜಪ ನಿಲ್ಲಿಸಬೇಡ, ನೀರು ಮಾತ್ರ ಬಿಡು, ಒಳಕ್ಕೆ ಇಳಿದರೆ ಲೇಪ ಸಡಿಲ ಆಗುತ್ತೆ. ಅಂಗಡಿ ಅಂಟು ಹಚ್ಚಬೇಡ. ದೀಕ್ಷೆ ಕೊಟ್ಟ ಗುರುಗಳಿಗೋ ಮಠದ ಅಯ್ಯನವರಿಗೋ ತೋರಿಸು. ಹೋದಾಗ ಲಿಂಗ ಕಟ್ಟಿಕೊಳ್ಳೋ ಶಿವದಾರನೂ ನೋಡಿಸು, ಗಂಟಿನ ಹತ್ತಿರ ಎಳೆ ಬಿಟ್ಟಿದ್ದರೆ ಅವತ್ತೇ ಬದಲಾಯಿಸಿಕೊ.