ಔಷಧ ಹಾಕದ ಡಬ್ಬಿಯಲ್ಲೂ ತೊಗರಿ ಕೀಡಿ ಸಾಯುತ್ತಿವೆ, ಎಲ್ಲಿ ತಪ್ಪಾಗಿದೆ?

ಸಿಂದಗಿ ಹುಡುಗ: ನಮಸ್ಕಾರ. ನಮ್ಮ ತೊಗರಿ ಹೊಲದಿಂದ ಕಾಯಿಕೊರಕ ಕೀಡಿ ಆರಿಸಿ ತಂದಿದ್ದೇನೆ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ (ನೂರು ಗ್ರಾಂ ಪುಡಿಯಲ್ಲಿ 5 ಗ್ರಾಂ ಕೀಟನಾಶಕ) ಎಷ್ಟಿದ್ದರೆ ಅರ್ಧದಷ್ಟು ಸಾಯುತ್ತವೆ, ಅಂದರೆ ಎಲ್‌ಸಿ 50 ಎಷ್ಟು ಅಂತ ತಿಳಿಯಬೇಕು. 5, 10, 15, 20, 25 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ ಕೀಟನಾಶಕ) ದ್ರಾವಣದಲ್ಲಿ ಎಲೆ ಅದ್ದಿ ಒಣಗಿಸಿ, ಡಬ್ಬಿಗೆ ಹತ್ತರಂತೆ ಬಿಟ್ಟೆ. ಐದೂ ಪ್ರಮಾಣದಲ್ಲಿ ಎಲ್ಲ ಸತ್ತವು. ಬರೀ ನೀರಿನ ಎಲೆ ಕೊಟ್ಟ 30ರಲ್ಲೂ 9 ಸತ್ತಿವೆ! ಎರಡು ಸಲ ಮಾಡಿದೆ, ಹಂಗೇ ಆಯ್ತು.

ಬಾಗಲಕೋಟೆ ಕೃಷಿಕ: ತಮ್ಮಾ, ನೀರಿನ ಡಬ್ಬಿಯಲ್ಲಿ ಸತ್ತವು ಇಡಿಯಾಗಿವೆಯಾ, ಅರ್ಧ ತಿಂದ ಹಾಗಿವೆಯಾ?

ಸಿಂದಗಿ ಹುಡುಗ: ಈಗ ನೋಡಿದೆ ಅಣ್ಣಾ. ಆರರದ್ದು ತಲೆ ಮಾತ್ರ ಉಳಿದಿದೆ. ಇನ್ನೊಂದರ ಪಕ್ಕ ಸಣ್ಣ ಗೂಡು ಇದೆ.

ಬಾಗಲಕೋಟೆ ಕೃಷಿಕ: ಸಿಕ್ಕಿತು ನೋಡು. ಈ ಕೀಡಿ ಒಂದನ್ನೊಂದು ತಿನ್ನುತ್ತವೆ. ಬಟ್ಟಲಿಗೆ ಒಂದೇ ಬಿಡು, ಅದೂ ಮೂರನೇ ಹಂತದ, ಅಂದರೆ ಎರಡು ಸಲ ಪೊರೆ ಬಿಟ್ಟ, ಒಂದೇ ಅಳತೆಯವು. ಆ ಗೂಡು ಪರಾವಲಂಬಿ ಕಣಜದ್ದು ಇರಬೇಕು. ಹೊಲದ ಕೀಡಿಯ ಹೊಟ್ಟೆಯಲ್ಲೇ ಅದರ ಮರಿ ಬರುತ್ತದೆ. ಅದಕ್ಕೇ ಕಡಲೆ ಹಿಟ್ಟಿನ ಆಹಾರದಲ್ಲಿ ಒಂದು ಪೀಳಿಗೆ ಸಾಕಿ, ಅವುಗಳ ಮರಿಗಳ ಮೇಲೆ ಪರೀಕ್ಷೆ ಮಾಡು. ತಿಂಗಳು ಹೋದರೂ ಪರವಾಗಿಲ್ಲ.

ಇನ್ನು ಪ್ರಮಾಣ. ನೀನು ಹೊಲಕ್ಕೆ ಹೊಡೆಯುವ ಲೆಕ್ಕದಿಂದ ಶುರು ಮಾಡಿದ್ದೀಯ, ಅಲ್ವಾ? ಅಲ್ಲಿ ಎಲ್ಲವೂ ಸಾಯಲೇಬೇಕು. ಲೀಟರಿಗೆ 0.2 ಗ್ರಾಂ ಪುಡಿ ಹಾಕಿದರೆ 10 ಪಿಪಿಎಂ. ಅದರಲ್ಲಿ 100 ಮಿಲಿ ತೆಗೆದು ಲೀಟರ್ ಮಾಡಿದರೆ 1. ಹೀಗೇ 0.1, 0.01ರವರೆಗೆ ಇಳಿ. ಎಲ್ಲಿ ಕೆಲವು ಸತ್ತು ಕೆಲವು ಉಳಿಯುತ್ತವೋ ಆ ನಡುವೆ ಅರ್ಧರ್ಧ ಮಾಡುತ್ತ ಐದಾರು ಪ್ರಮಾಣ ಇಡು. ಎಲೆ ಅದ್ದುವಾಗ ಮೊದಲು ನೀರು, ಆಮೇಲೆ ಕಡಿಮೆಯಿಂದ ಜಾಸ್ತಿಗೆ. ಎಲೆಯ ತೊಟ್ಟಿನ ಸುತ್ತ ಒದ್ದೆ ಹತ್ತಿ ಸುತ್ತು, ಇಲ್ಲದಿದ್ದರೆ ಎಲೆ ಬಾಡಿ ಕೀಡಿ ಉಪವಾಸ ಬೀಳುತ್ತವೆ.

ನೀರಿನ ಡಬ್ಬಿಯಲ್ಲಿ 20 ಶೇಕಡಾ ದಾಟಿದರೆ ಆ ಸಲದ ಲೆಕ್ಕ ಬಿಟ್ಟುಬಿಡು. ನಿನ್ನದು 30. ಕಡಿಮೆ ಇದ್ದರೆ ತಾವಾಗೇ ಸತ್ತವನ್ನು ಲೆಕ್ಕದಿಂದ ತೆಗೆಯಲು ಕೀಟತಜ್ಞ ಅಬಾಟ್ 1925ರಲ್ಲಿ ಕೊಟ್ಟ ಸೂತ್ರ ಹಾಕು. ಔಷಧದಲ್ಲಿ 60, ನೀರಿನಲ್ಲಿ 10 ಶೇಕಡಾ ಸತ್ತಿವೆ ಅನ್ನು. 60ರಲ್ಲಿ 10 ಕಳೆದು, ಬಂದ 50ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸು. 55.6 ಬರುತ್ತದೆ. ಸಾವಿನ ಶೇಕಡಾದಿಂದ ಎಲ್‌ಸಿ 50 ತೆಗೆಯುವ ಪ್ರೋಬಿಟ್ ಲೆಕ್ಕಕ್ಕೆ ಇದನ್ನೇ ಕೊಡು.

ಸಿಂದಗಿ ಹುಡುಗ: ಅಣ್ಣಾ, ಎಣಿಸಿದ್ದು 24 ಗಂಟೆಗೆ. ಅದು ಸರಿನಾ?

ಬಾಗಲಕೋಟೆ ಕೃಷಿಕ: ಬೇಡ, 72 ಗಂಟೆಗೆ ಎಣಿಸು. ಈ ಔಷಧದಿಂದ ಕೀಡಿ ಬೇಗ ತಿನ್ನುವುದು ಬಿಡುತ್ತವೆ, ಆದರೆ ಸಾಯಲು ದಿನ ಬೇಕು. ಮೆತ್ತನೆಯ ಬ್ರಷ್‌ನಿಂದ ಮುಟ್ಟು. ಸರಿಯಾಗಿ ಹರಿದಾಡದಿದ್ದರೆ ಸತ್ತ ಲೆಕ್ಕಕ್ಕೆ ಸೇರಿಸು.