'ಸೀಸನಲ್' ಹಣ್ಣು-ತರಕಾರಿಗೆ ಏನನ್ನೋಣ? (ನಾಳೆ ಬೋರ್ಡ್ ಬರೆಸಬೇಕು)

ಪ್ರಶ್ನೆ, ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಹಣ್ಣು-ತರಕಾರಿ ಅಂಗಡಿ ಇಡುತ್ತಿದ್ದಾನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಪೇಂಟರ್ ಬರುತ್ತಾರೆ. ಬೋರ್ಡಿನ ಅಗಲ ಮೂರೇ ಅಡಿ. ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದಮೇಲೆ ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು ಅಲ್ವಾ? 'ಫ್ರೆಶ್ ಸೀಸನಲ್ ಫ್ರೂಟ್ಸ್ ಅಂಡ್ ವೆಜಿಟಬಲ್ಸ್' ಅನ್ನೋದಕ್ಕೆ ಮೊಬೈಲು 'ಋತುಮಾನದ ತಾಜಾ ಹಣ್ಣುಗಳು ಮತ್ತು ತರಕಾರಿಗಳು' ಎಂದು ಕೊಟ್ಟಿತು. ಹವಾಮಾನ ವರದಿ ಥರ ಇದೆ ಎಂದು ತಮ್ಮ ನಕ್ಕ. ಬೇರೆ ಏನಾದರೂ ಇದೆಯಾ?

ಧಾರವಾಡದಿಂದ:

ಯಾಕೆ ಇಲ್ಲ? ಹಂಗಾಮು! ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಮಾವಿನ ಹಂಗಾಮು. ನಮ್ಮ ಕಡೆ ರೈತರ ಬಾಯಲ್ಲಿ ದಿನಾ ಓಡಾಡುವ ಮಾತು. 'ಹಂಗಾಮಿ ಹಣ್ಣು, ಕಾಯಿಪಲ್ಲೆ' ಎಂದು ಬರೆಸಿಬಿಡಿ.

ಮೈಸೂರಿನಿಂದ:

ಹಂಗಾಮಿ ಅಧ್ಯಕ್ಷ, ಹಂಗಾಮಿ ನೌಕರ, ಈಗ ಹಂಗಾಮಿ ಹಣ್ಣು! ಯಾವ ಹಣ್ಣು ರಜೆ ಹಾಕಿದೆ ಎಂದು ಇದು ಬಂದು ಕೂತಿದೆ? ಅಲ್ಲದೆ ಅದು ಪಾರಸಿ. ಪರಭಾಷೆಯ ಪದ ಜಾಸ್ತಿಯಾಗಿ ನಮ್ಮದು ಮೂಲೆ ಸೇರಿದೆ. 'ಮಾಗು' ಧಾತುವಿನಿಂದಲೇ 'ಮಾಗಿ' ಬಂದದ್ದು, ಹಣ್ಣು ಮಾಗುವ ಹೊತ್ತು ಎಂದರ್ಥ. 'ಮಾಗುಹೊತ್ತಿನ ಹಣ್ಣು' ಎನ್ನಿ. ಇದನ್ನು ಇಲ್ಲಿ ಮೊದಲೂ ಮೂರು ಸಲ ಬರೆದಿದ್ದೇನೆ.

ಶಿವಮೊಗ್ಗದಿಂದ:

ಮೂರು ಸಲ ಬರೆದರೂ ತಪ್ಪು ತಪ್ಪೇ. ಮಾಗಿ ಮಾಘದ ತದ್ಭವ. ಮಾಗಿ ಚಳಿಯಲ್ಲಿ ಮಾವಿನ ಮರ ನೋಡಿದ್ದೀರಾ? ಹೂ ಇರುತ್ತದೆ ಸ್ವಾಮಿ, ಹಣ್ಣಲ್ಲ. ಇನ್ನು 'ಜಾಸ್ತಿ' ಎಂದಿರಲ್ಲ, ಅದೂ ಉರ್ದುವಿನಿಂದಲೇ ಬಂದದ್ದು.

ಮೈಸೂರಿನಿಂದ:

ಬೆರಳಚ್ಚಿನ ಭರದಲ್ಲಿ ಬಂತು. 'ಹೆಚ್ಚು' ಎಂದು ಓದಿಕೊಳ್ಳಿ.

ಬೆಂಗಳೂರಿನಿಂದ:

ಜಗಳ ಆಮೇಲೆ ಆಡೋಣ, ಅವರಿಗೆ ಬೆಳಿಗ್ಗೆ ಬೋರ್ಡಿದೆ.

ಪದಗಳು ಎಲ್ಲಿಂದಲೋ ಬಂದು ಇನ್ನೇನೋ ಆಗುತ್ತವೆ. ಅರಬ್ಬಿಯಲ್ಲಿ ಋತು ಆಗಿದ್ದ 'ಫಸ್ಲ್' ಪಾರಸಿ ದಾಟಿ ನಮ್ಮಲ್ಲಿಗೆ ಬಂದಾಗ 'ಫಸಲು', ಅಂದರೆ ಬೆಳೆ ಆಯಿತು. ಇಂಗ್ಲಿಷಿನ 'ಸೀಸನ್' ಹುಟ್ಟಿದ್ದು ಬಿತ್ತನೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಅದು ಹೊಲದಿಂದ ಹೊರಟು ಋತು ಸೇರಿತು, ಇದು ಋತುವಿನಿಂದ ಹೊರಟು ಹೊಲ ಸೇರಿತು. ಮೂಲ ಕೆದಕಿ ಬೋರ್ಡ್ ಬರೆಯೋಕೆ ಆಗಲ್ಲ.

ಸಂತೆಯಲ್ಲಿ ಏನನ್ನುತ್ತಾರೆ ನೋಡಿ. ಹೋದ ಚಳಿಗಾಲದ ಶುರುವಿನಲ್ಲಿ ಗೋಣಿ ತಾಟಿನ ಮೇಲೆ ಅವರೆಕಾಯಿ ರಾಶಿ ಹಾಕಿಕೊಂಡಿದ್ದ ಅಜ್ಜಿಯನ್ನು ಕೇಳಿದೆ. ಒಂದು ಕಾಯಿ ಬಿಡಿಸಿ, ಸಿಪ್ಪೆಯನ್ನು ನನ್ನ ಮೂಗಿಗೆ ಹಿಡಿದರು. "ಇನ್ನೂ ಸೊಗಡು ಬಂದಿಲ್ಲ ಕಣಪ್ಪ. ಇಬ್ಬನಿ ಬೀಳಲಿ, ಆಗ ಅವರೆ ಕಾಲ" ಎಂದರು. ಮಾರುವವರೇ ಈಗ ಬೇಡ ಎಂದದ್ದು ನಾನು ಕಂಡದ್ದು ಅದೊಂದೇ ಸಲ. ಅವರ ಬಾಯಲ್ಲಿ ಋತುಮಾನವೂ ಇಲ್ಲ, ಕಾಲೋಚಿತವೂ ಇಲ್ಲ. ಬೆಳೆಯ ಹೆಸರಿಗೆ 'ಕಾಲ' ಸೇರಿಸಿದರೆ ಮುಗಿಯಿತು: ಅವರೆ ಕಾಲ, ಮಾವಿನ ಕಾಲ, ನೇರಳೆ ಕಾಲ. 'ಸೀಸನಲ್' ಎಂದು ಎಲ್ಲಕ್ಕೂ ಒಂದೇ ಗುಣವಾಚಕ ಹುಡುಕಲು ಹೊರಟದ್ದೇ ಇಂಗ್ಲಿಷಿನ ಚಾಳಿ.

ಆದ್ದರಿಂದ 'ಆಯಾ ಕಾಲದ ಹಣ್ಣು, ತರಕಾರಿ' ಸಾಕು. 'ಗಳು', 'ಮತ್ತು' ಎರಡೂ ಬೇಡ. 'ತಾಜಾ' ಕೂಡ ಬೇಡ, ತಾಜಾ ಇಲ್ಲ ಎಂದು ಯಾರು ಬೋರ್ಡ್ ಹಾಕುತ್ತಾರೆ? ಕೆಳಗೆ ಒಂದು ಸ್ಲೇಟು ನೇತುಹಾಕಿ. ಅದರಲ್ಲಿ ಸೀಮೆಸುಣ್ಣದಲ್ಲಿ 'ಇವತ್ತು ಕಿತ್ತಿದ್ದು' ಎಂದು ಬರೆದು ಹೆಸರು ಹಾಕಿ. ಕಿತ್ತಿದ್ದರೆ ಮಾತ್ರ.

ಮೈಸೂರಿನಿಂದ:

'ಕಾಲ' ಸಂಸ್ಕೃತ. 'ತರಕಾರಿ' ಪಾರಸಿ. ನನ್ನ ಕೆಲಸ ಹೇಳುವುದು, ಹೇಳಿದ್ದೇನೆ.

ಧಾರವಾಡದಿಂದ:

ಅದಕ್ಕೇ ಕಾಯಿಪಲ್ಲೆ ಅಂದಿದ್ದೆ. ಯಾರು ಕೇಳಿದರು?

ತುಮಕೂರಿನಿಂದ:

ಎಲ್ಲರಿಗೂ ಧನ್ಯವಾದ. ಪೇಂಟರ್ ಚೀಟಿ ಓದಿ, "ಆಯಾ ಅಂದ್ರೆ ಮಕ್ಕಳನ್ನ ನೋಡಿಕೊಳ್ಳೋರಲ್ವಾ ಸಾರ್?" ಎಂದರು. ಆಮೇಲೆ ಅವರೇ 'ಕಾಲಕಾಲದ ಹಣ್ಣು, ತರಕಾರಿ' ಎಂದು ಬರೆದರು. ಮೂರಡಿಯಲ್ಲಿ ಹಿಡಿಯಿತು. ಸ್ಲೇಟಿಗೆ ಮೊಳೆ ಹೊಡೆಯುವುದೊಂದು ಬಾಕಿ.