ನಸುಕಿನ್ಯಾಗ ಎದ್ದ ಕೂಡ್ಲೇ ಬವಳಿ ಬಂದು ಬೀಳ್ತಾರ, ಕುಂತಾಗ ಬಿಪಿ ಸರಿ ಅದ

ಪ್ರಶ್ನೆ (ಆಳಂದ)
ಮುತ್ಯಾಗ 76 ವರ್ಷ. ಈ ತಿಂಗಳದಾಗ ಎರಡು ಸಲ ಮೂತ್ರಕ್ಕಂತ ಎದ್ದಾಗ ಬವಳಿ ಬಂದು ಬಿದ್ದಾರ. ನಿಮಿಷದೊಳಗ ಎಚ್ಚರಾಗ್ತದ, ಮಾತು ಸರಿ ಇರ್ತದ. ಬಿಪಿ ಗುಳಿಗಿ, ಪ್ರೋಸ್ಟೇಟ್ ಗುಳಿಗಿ ಎರಡೂ ರಾತ್ರಿ ತಗೋತಾರ. ಕುಂತಾಗ ಬಿಪಿ 130/80. ಮತ್ತ ಯಾಕ ಬೀಳ್ತಾರ್ರಿ?

ಉತ್ತರ (ಕಲಬುರಗಿ)
ಕುಂತಾಗಿನ ಬಿಪಿಯೊಳಗ ಇದು ಸಿಗಂಗಿಲ್ರಿ. 5 ನಿಮಿಷ ಮಲಗಿಸಿ ಒಮ್ಮೆ ನೋಡ್ರಿ, ನಿಂತ ಮ್ಯಾಲ 1 ನಿಮಿಷಕ್ಕ, 3 ನಿಮಿಷಕ್ಕ ಮತ್ತ ನೋಡ್ರಿ. ಮ್ಯಾಲಿನ ಅಂಕಿ 20 ಇಲ್ಲಾ ಕೆಳಗಿಂದು 10 ಇಳಿದ್ರ ಕಾರಣ ಅದೇ: ರಕ್ತ ಕಾಲಿಗಿ ಇಳೀತದ, ವಯಸ್ಸಾದ ರಕ್ತನಾಳ ಲಗೂನ ಬಿಗಿ ಆಗಂಗಿಲ್ಲ. ಟ್ಯಾಮ್ಸುಲೋಸಿನ್‌ನಂಥ ಪ್ರೋಸ್ಟೇಟ್ ಗುಳಿಗಿ ಅದನ್ನ ಇನ್ನಷ್ಟು ಸಡಿಲ ಮಾಡ್ತದ. ಬಿಪಿ ನೋಡುವಾಗ ಒಬ್ರು ಬಾಜು ನಿಲ್ರಿ, ಬವಳಿ ಬಂದ್ರ ಅಲ್ಲಿಗೇ ಬಿಟ್ಟು ಮಲಗಿಸ್ರಿ. ಅಂಕಿ ಬರ್ಕೊಂಡು, ಎಲ್ಲಾ ಗುಳಿಗಿ ಸಮೇತ ಡಾಕ್ಟರಿಗಿ ತೋರಿಸ್ರಿ. ನೀವಾಗೇ ಗುಳಿಗಿ ನಿಲ್ಲಿಸಬ್ಯಾಡ್ರಿ.

ಅಲ್ಲೀತನಕ, ಏಳೂಕಿಂತ ಮೊದ್ಲ ಮಂಚದ ಅಂಚಿಗಿ 2 ನಿಮಿಷ ಕೂಡ್ಲಿ, ಪಾದ ಮ್ಯಾಲ ಕೆಳಗ 15 ಸಲ ಆಡಿಸ್ಲಿ. ಮೂತ್ರ ಕುಂತೇ ಮಾಡ್ಲಿ. ನಮ್ಮ ಕಡಿ ಬ್ಯಾಸಗಿಯೊಳಗ ನೀರು ಕಡಿಮಿ ಆದ್ರ ಇದು ಹೆಚ್ಚಾಗ್ತದ. ಆದ್ರ ಹೃದಯ, ಕಿಡ್ನಿ ತೊಂದ್ರಿ ಇದ್ದವ್ರು ಎಷ್ಟು ಕುಡೀಬೇಕಂತ ಡಾಕ್ಟರಿಗಿ ಕೇಳೇ ಕುಡೀಬೇಕು.

ಉತ್ತರ (ಬೀದರ್)
ಬಿದ್ದಾಗ ಎತ್ತಿ ಕೂಡಿಸೋದೇ ದೊಡ್ಡ ತಪ್ಪು, ಮಿದುಳಿಗಿ ರಕ್ತ ಮತ್ತ ಕಡಿಮಿ ಆಗ್ತದ. ಮಲಗಿಸೇ ಇಟ್ಟು, ಸೊಂಟಕ್ಕ ಪೆಟ್ಟಿಲ್ಲಂದ್ರ ಕಾಲು ಒಂದು ಅಡಿ ಎತ್ತರಿಸ್ರಿ. ಎಚ್ಚರ ಇಲ್ಲದವ್ರ ಬಾಯಾಗ ನೀರು ಹಾಕಬ್ಯಾಡ್ರಿ, ಶ್ವಾಸಕೋಶಕ್ಕ ಹೋಗ್ತದ. ಉಳ್ಳಾಗಡ್ಡಿ, ಚಪ್ಪಲಿ ಮೂಸಿಸೋದು ಬರೀ ಹೊತ್ತು ಕಳಿಯೋದು. ವಾಂತಿ ಬಂದ್ರ ಒಂದು ಮಗ್ಗಲಕ್ಕ ಹೊರಳಿಸ್ರಿ. ಉಸಿರು ಇಲ್ಲಂದ್ರ 108ಕ್ಕ ಫೋನ್ ಹಚ್ಚಿ, ಎದಿ ನಡುವ 5-6 ಸೆಂಟಿಮೀಟರ್ ಆಳ, ನಿಮಿಷಕ್ಕ 100-120 ಸಲ ಒತ್ರಿ.

ಸಕ್ಕರಿ ರೋಗದ ಗುಳಿಗಿ ತಗೋಳವ್ರಿಗಿ ಗ್ಲುಕೋಮೀಟರ್ ಹಚ್ಚಿ ನೋಡ್ರಿ. 70ರ ಕೆಳಗಿದ್ದು, ನುಂಗೂವಷ್ಟು ಎಚ್ಚರ ಇದ್ರ 3 ಚಮಚ ಸಕ್ಕರಿ ನೀರಾಗ ಕಲಸಿ ಕೊಟ್ಟು, 15 ನಿಮಿಷಕ್ಕ ಮತ್ತ ನೋಡ್ರಿ.

ಉತ್ತರ (ಯಾದಗಿರಿ)
ಇಸಿಜಿ ಬಿಡಬ್ಯಾಡ್ರಿ. ಕುಂತಲ್ಲೇ, ಮಲಗಿದಲ್ಲೇ, ನಡಿಯುವಾಗ ಎಚ್ಚರ ತಪ್ಪಿದ್ರ, ಇಲ್ಲಾ ಮೊದ್ಲ ಎದಿ ಡಬಡಬ ಅಂದಿದ್ರ ಅದು ಹೃದಯದ ಬಡಿತದ ದೋಷ ಇರಬಹುದು, ಅವತ್ತೇ ಹೋಗ್ರಿ. ಕಲಬುರಗಿಯಾಗ ಜಯದೇವ ಆಸ್ಪತ್ರಿ ಅದ. ಒಂದು ಇಸಿಜಿ ಸರಿ ಬಂದ್ರೂ ಬಡಿತ ಆಗಾಗ ಮಾತ್ರ ತಪ್ತಿರಬಹುದು, 24 ತಾಸು ಬಡಿತ ಬರ್ಕೊಳ್ಳೋ ಹೋಲ್ಟರ್ ಯಂತ್ರದ ಬಗ್ಗಿ ಕೇಳ್ರಿ. ಬಾಯಿ ಸೊಟ್ಟಾದ್ರ, ಮಾತು ತೊದಲಿದ್ರ ಅದು ಲಕ್ವಾ ಇರಬಹುದು. ರಕ್ತ ತೆಳು ಮಾಡೋ ಗುಳಿಗಿ ನಡದಾಗ ತಲಿಗಿ ಪೆಟ್ಟು ಬಿದ್ರ, ಆರಾಮ ಕಂಡ್ರೂ ಆಸ್ಪತ್ರಿಗಿ ಒಯ್ರಿ.